ಹೊಳೆಯ ನೆನಪು ಕೇಳುವವರಿಗೆ ಏಳು ಪಾಠ

ಭದ್ರಾವತಿಯ ಓಲ್ಡ್ ಟೌನ್‌ನವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಮ್ಮ ಪಾಲಿಗಿರುವುದು ಭದ್ರಾ ಹೊಳೆ. ಆದರೆ ನೀರಿನಂಚಿನಲ್ಲಿ ಬಾಳಿದವರ ನೆನಪನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ಇಲ್ಲಿಯೂ ಒಂದೇ, ಕರಾವಳಿಯ ಮಲ್ಪೆ–ಹೊನ್ನಾವರದಲ್ಲೂ ಒಂದೇ. ಎರಡೂ ಕಡೆ ಹಿರಿಯರನ್ನು ಮಾತಾಡಿಸುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಭಾವನೆ ಕೇಳಬೇಡಿ, ಕೆಲಸ ಕೇಳಿ.
‘ಹೊಳೆ ಅಂದರೆ ನಿಮಗೇನು?’ ಎಂದು ಕೇಳಿದರೆ ‘ತಾಯಿ ಇದ್ದ ಹಾಗೆ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕುಡಿಯುವ ನೀರು ಯಾರು ತರುತ್ತಿದ್ದರು, ಬಟ್ಟೆ ಎಲ್ಲಿ ಒಗೆಯುತ್ತಿದ್ದರು, ಈಜು ಕಲಿಸಿದವರು ಯಾರು ಎಂದು ಕೇಳಿ. ಕರಾವಳಿಯಲ್ಲಾದರೆ ರಂಪಣಿ ಬಲೆಯಿಂದ ಶುರುಮಾಡಿ. ದಡದಲ್ಲಿ ನಿಂತು ಎರಡೂ ತುದಿಯಿಂದ ಎಳೆಯುತ್ತಿದ್ದ ದೊಡ್ಡ ಬಲೆ ಅದು. ಎಳೆಯಲು ಯಾರು ಯಾರು ಸೇರುತ್ತಿದ್ದರು, ಪಾಲು ಹೇಗೆ ಹಂಚುತ್ತಿದ್ದರು ಎಂದು ಕೇಳಿದರೆ ಸಾಕು, 1970ರ ದಶಕದಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆ ಸೇರಿದ ಕಥೆ ತಾನಾಗಿಯೇ ಬರುತ್ತದೆ. ಸಿಟ್ಟು, ಪ್ರೀತಿ ಎಲ್ಲವೂ ಆ ವಿವರದಲ್ಲೇ ಇರುತ್ತವೆ.

2. ಇಸವಿ ಬೇಡ, ಗುರುತು ಹಿಡಿಯಿರಿ.
ಓಲ್ಡ್ ಟೌನ್‌ನಲ್ಲಿ ಕಾಲ ಅಳೆಯುವುದು ಡ್ಯಾಮಿಗೆ ಮುಂಚೆ, ಡ್ಯಾಮ್ ಆದಮೇಲೆ, ಸೇತುವೆ ಮುಳುಗಿದ ವರ್ಷ ಎಂದು. ಡ್ಯಾಮ್ ಎಂದರೆ ಲಕ್ಕವಳ್ಳಿಯ ಭದ್ರಾ ಜಲಾಶಯ, ಅದರ ಪೂರ್ಣ ಮಟ್ಟ 186 ಅಡಿ. ಅದು ತುಂಬಿ ನೀರು ಬಿಟ್ಟ ವರ್ಷಗಳು ಪತ್ರಿಕೆಗಳಲ್ಲಿ ಸಿಗುತ್ತವೆ. ಇಸವಿ ಹುಡುಕುವುದು ನಿಮ್ಮ ಕೆಲಸ, ಅಜ್ಜಿಯ ಕೆಲಸವಲ್ಲ.

3. ಹೊಳೆ ಎಲ್ಲರಿಗೂ ಒಂದೇ ಆಗಿರಲಿಲ್ಲ.
ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗುವವರು ಎಲ್ಲಿ ಮೀಯುತ್ತಿದ್ದರು, ಅವರಿಗಿಂತ ಕೆಳಗೆ ಯಾರು ಇಳಿಯಬೇಕಿತ್ತು, ದನ ತೊಳೆಯುವ ಜಾಗ ಯಾವುದು ಎಂದು ಕೇಳಿ. ದಂಡೆಯ ನಕ್ಷೆ ಬರೆಸಿದರೆ ಊರಿನ ಜಾತಿಗಳ ನಕ್ಷೆಯೂ ಬರುತ್ತದೆ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡ ಪಕ್ಕದಲ್ಲಿದ್ದರೆ ಅವನೇ ಉತ್ತರ ಹೇಳುತ್ತಾನೆ. ಕರಾವಳಿಯಲ್ಲಿ ಮೀನಿನ ದರ, ಕಡ, ಸಾಲದ ಲೆಕ್ಕ ಗೊತ್ತಿರುವುದು ಮಾರಾಟಕ್ಕೆ ಹೋಗುವ ಹೆಂಗಸರಿಗೆ.

4. ಒಂದೇ ಭಾಷೆಯಲ್ಲಿ ಈ ಊರಿನ ಕಥೆ ಸಿಗದು.
1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎರಡೂ ಭದ್ರೆಯ ನೀರನ್ನೇ ನಂಬಿದವು. ಅವನ್ನು ನಂಬಿ ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಮನೆಮಾತಿನಲ್ಲಿ ಹೇಳಲು ಬಿಡಿ, ಆ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿಂದ ನೆಲ ಕಳೆದುಕೊಂಡು ಶಿವಮೊಗ್ಗ ಸುತ್ತಮುತ್ತ ನೆಲೆಸಿದ ಕುಟುಂಬಗಳೂ ಇವೆ. ಅವರ ನೆನಪಿನ ಹೊಳೆ ಶರಾವತಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುವಂಥದ್ದು. ನಮ್ಮ ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯೊಳಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಹಾಗಾಗಿ ‘ನಿಮ್ಮ ಹೊಳೆ ಯಾವುದು?’ ಎಂಬುದೇ ಮೊದಲ ಪ್ರಶ್ನೆಯಾಗಲಿ.

5. ಹೊತ್ತು ನೋಡಿ, ಜಾಗ ನೋಡಿ.
ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆ ರಿಪೇರಿ ಮಾಡುತ್ತ ಕುಳಿತವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಇಲ್ಲಿ ಬೇಸಿಗೆ ಒಳ್ಳೆಯದು. ಹೊಳೆ ಇಳಿದು ಕಲ್ಲು, ಮೆಟ್ಟಿಲು ಕಾಣುತ್ತವೆ. ಮೊದಲು ದಂಡೆಯಲ್ಲಿ ಜೊತೆಗೆ ನಡೆಯಿರಿ. ರೆಕಾರ್ಡಿಂಗ್ ಮಾತ್ರ ಮನೆಯಲ್ಲಿ, ಫ್ಯಾನ್ ಆರಿಸಿ ಮಾಡಿ. ಸೇತುವೆ ಪಕ್ಕ ಕೂತರೆ ಬಸ್ಸಿನ ಹಾರ್ನೇ ದಾಖಲಾಗುತ್ತದೆ.

6. ತಾಳೆ ನೋಡಿ, ತಿದ್ದಬೇಡಿ.
ಇಟಲಿಯ ತೆರ್ನಿ ನಮ್ಮ ಭದ್ರಾವತಿಯಂತೆಯೇ ಉಕ್ಕಿನ ಊರು. ಅಲ್ಲಿ 1949ರಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತ. ನೇಟೋ ಒಕ್ಕೂಟದ ವಿರುದ್ಧ ನಡೆದ ಪ್ರತಿಭಟನೆ ಅದು. ಆದರೆ ಅನೇಕ ಕಾರ್ಮಿಕರ ನೆನಪಿನಲ್ಲಿ ಆ ಸಾವು 1953ಕ್ಕೆ, ಕೆಲಸದಿಂದ ತೆಗೆದುಹಾಕಿದ್ದರ ವಿರುದ್ಧದ ಹೋರಾಟಕ್ಕೆ ಸರಿದಿತ್ತು. ಆ ನೆನಪುಗಳನ್ನು ದಾಖಲಿಸಿದ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೋ ಪೋರ್ಟೆಲ್ಲಿ ಇದನ್ನು ಮರೆವು ಎಂದು ತಳ್ಳಿಹಾಕಲಿಲ್ಲ. ಊರಿಗೆ ಯಾವ ನೋವು ದೊಡ್ಡದು ಎಂಬುದನ್ನು ಆ ತಪ್ಪೇ ಹೇಳುತ್ತದೆ ಎಂದು ತೋರಿಸಿದರು. ಹಾಗಾಗಿ ನೆರೆ ಬಂದ ವರ್ಷವನ್ನು ಒಬ್ಬರು ಮಗಳ ಮದುವೆಯ ವರ್ಷಕ್ಕೆ ಜೋಡಿಸಿದರೆ, ಹಾಗೆಯೇ ಬರೆದುಕೊಳ್ಳಿ. ದಾಖಲೆಯ ದಿನಾಂಕವನ್ನು ಪಕ್ಕದಲ್ಲಿ ಬೇರೆಯಾಗಿ ಹಾಕಿ.

7. ಮಾತು ಕೊಟ್ಟವರದ್ದು.
ಪರವಾನಗಿಯಿಲ್ಲದ ಮರಳು, ಸಿಡಿಮದ್ದು ಹಾಕಿ ಹಿಡಿದ ಮೀನು, ನೆರೆಯವರ ಜಗಳ ಇವೆಲ್ಲ ಮಾತಿನಲ್ಲಿ ಬರುತ್ತವೆ. ಹೆಸರು ಹಾಕಬಹುದೇ ಎಂದು ಮಾತಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ‘ಇದು ಬೇಡ’ ಎಂದದ್ದನ್ನು ಅಳಿಸಿ. ಧ್ವನಿಯ ಒಂದು ಪ್ರತಿ ಆ ಮನೆಗೆ ಸೇರಲೇಬೇಕು.

ಇದಕ್ಕೆ ಸಂಸ್ಥೆ ಬೇಡ, ಅನುದಾನ ಬೇಡ. ಡ್ಯಾಮ್ ಕಟ್ಟುವ ಮುಂಚಿನ ಭದ್ರೆಯನ್ನು ಕಂಡವರು ಈಗ ತೀರ ಕಡಿಮೆ. ನಿಮ್ಮ ಬೀದಿಯಲ್ಲಿ ಅಂಥವರು ಒಬ್ಬರಿದ್ದರೂ ಈ ಭಾನುವಾರವೇ ಹೋಗಿ ಕೂತುಕೊಳ್ಳಿ. ಫೋನಿನಲ್ಲಿ ದಾಖಲಿಸಿ, ಕಡತಕ್ಕೆ ದಿನಾಂಕ, ಬೀದಿ, ವಯಸ್ಸು ಬರೆದಿಡಿ.