ಕಾನೂನು ಬಿಟ್ಟರೂ ಗಾಂಜಾ ಗಾಂಜಾವೇ

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಮನೆಯಲ್ಲಿ 3 ಗಾಂಜಾ ಗಿಡ ಬೆಳೆಸಬಹುದು. ಅವು ಮಕ್ಕಳ ಕೈಗೆ ಸಿಗಬಾರದೆಂದೂ ಅದೇ ಕಾನೂನು ಹೇಳುತ್ತದೆ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳು 'ಈಗ ತಪ್ಪಿಲ್ಲವಲ್ಲ' ಎನ್ನಬಹುದು. ಶಿಕ್ಷೆಯಿಲ್ಲ ಎಂದ ಮಾತ್ರಕ್ಕೆ ಹಲಾಲ್ ಆಗದು. ಅಮಲೇರಿಸುವುದೆಲ್ಲವೂ ಹರಾಮ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ಮಿದುಳು ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಗಾಂಜಾ ನೆನಪು, ಏಕಾಗ್ರತೆಗಳನ್ನು ಕುಂದಿಸುತ್ತದೆ. ಗಿಡಗಳನ್ನು ಕೋಣೆಯೊಳಗೆ ಬೆಳೆಸಿದರೆ ತೇವ ಹೆಚ್ಚಿ ಗೋಡೆಗೆ ಬೂಷ್ಟು ಹಿಡಿಯಬಹುದು. ಉಬ್ಬಸವಿರುವವರಿಗೆ ಅದು ಹಾನಿಕರ.

ಗಾಂಜಾ ಬೆರೆಸಿದ ಬಿಸ್ಕತ್ತನ್ನು ಮಗು ತಿಂದರೆ ವಿಪರೀತ ಮಂಪರು, ಉಸಿರಾಟದ ತೊಂದರೆ ಕಾಣಿಸಬಹುದು. ಆಗ ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ದು, ತಿಂದದ್ದೇನೆಂದು ವೈದ್ಯರಿಗೆ ನಿಜ ಹೇಳಿ. ಮಗುವಿನ ಜೀವ ಮಾನಕ್ಕಿಂತ ದೊಡ್ಡದು.