ಗಾಜು ಬೇಕಾದ್ರೆ ಕಣಗಳ ಗಾತ್ರ ಎಷ್ಟಿರಬೇಕು?

ಕಂಪ್ಯೂಟರಿನಲ್ಲಿ ಗಾಜು ಮಾಡೋದು ಕೇಳೋಕೆ ಸುಲಭ. ದ್ರವವನ್ನು ಬೇಗ ತಣಿಸಿದ್ರೆ ಕಣಗಳು ಸಾಲುಗಟ್ಟುವ ಮೊದಲೇ ಇದ್ದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಆದರೆ ಎಲ್ಲ ಕಣಗಳಿಗೂ ಒಂದೇ ಗಾತ್ರ ಕೊಟ್ಟರೆ ನಮಗೆ ಸಾಮಾನ್ಯವಾಗಿ ಸಿಗೋದು ಗಾಜಲ್ಲ, ಸ್ಫಟಿಕ.

ಯಾಕೆ? ಹಣ್ಣಿನಂಗಡಿಯಲ್ಲಿ ಕಿತ್ತಳೆಯನ್ನು ಗೋಪುರದ ಹಾಗೆ ಜೋಡಿಸಿರ್ತಾರಲ್ಲ, ಅದನ್ನು ನೆನಪಿಸಿಕೊಳ್ಳೋಣ. ಹಾಗೆ ಜೋಡಿಸಿದ ಸಮಗಾತ್ರದ ಗೋಲಗಳು ಜಾಗದ ಶೇ. 74ರಷ್ಟನ್ನು ತುಂಬಬಲ್ಲವು. ಸುಮ್ಮನೆ ಸುರಿದು ಅಲ್ಲಾಡಿಸಿದರೆ ಸುಮಾರು ಶೇ. 64 ಮಾತ್ರ. ಅಂದರೆ ಸಾಲುಗಟ್ಟಿದರೆ ಪ್ರತಿ ಗೋಲಕ್ಕೂ ಮಿಸುಕಾಡಲು ಹೆಚ್ಚು ಜಾಗ. ಅದಕ್ಕೇ ಅವು ಸಾಲುಗಟ್ಟುತ್ತವೆ. ನಡುನಡುವೆ ನಿಂಬೆಹಣ್ಣು ಸೇರಿಸಿದರೆ ಗೋಪುರ ಕೆಡುತ್ತೆ. ನಮಗೆ ಬೇಕಾದದ್ದೂ ಅದೇ.

ಹಾಗಂತ ವ್ಯತ್ಯಾಸ ಅತಿಯಾಗಬಾರದು. ಚಿಕ್ಕ ಕಣ ತೀರಾ ಚಿಕ್ಕದಾದರೆ ದೊಡ್ಡವುಗಳ ಸಂದಿಯಲ್ಲಿ ನುಸುಳಿಕೊಂಡು ಓಡಾಡ್ತಾನೇ ಇರುತ್ತೆ. ಇಲ್ಲವೇ ಎರಡು ಬಗೆಯೂ ಬೇರೆಬೇರೆ ಗುಂಪಾಗುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ 1995ರ ಕಾಬ್–ಆಂಡರ್ಸನ್ ಮಾದರಿ. ಅದರಲ್ಲಿ ಶೇ. 80 ದೊಡ್ಡ ಕಣ, ಶೇ. 20 ಚಿಕ್ಕ ಕಣ. ದೊಡ್ಡದರ ಗಾತ್ರ 1 ಆದರೆ ಚಿಕ್ಕದರದು 0.88. ದೊಡ್ಡ–ಚಿಕ್ಕ ಜೋಡಿಯ ಅಳತೆ ಮಾತ್ರ 0.8. ಸರಾಸರಿ ತೆಗೆದರೆ 0.94 ಬರಬೇಕಿತ್ತು! ಬೇಕೆಂದೇ ಹತ್ತಿರ ತಂದು, ಆ ಜೋಡಿಯ ಆಕರ್ಷಣೆಯನ್ನೂ ದೊಡ್ಡ–ದೊಡ್ಡ ಜೋಡಿಯ 1.5 ಪಟ್ಟು ಇಟ್ಟಿದ್ದಾರೆ. ಆದ್ದರಿಂದ ಎರಡೂ ಬಗೆ ಬೆರೆತೇ ಇರುತ್ತವೆ.

ಈ ಸಂಖ್ಯೆಗಳನ್ನು ಕಣ್ಮುಚ್ಚಿ ನಕಲು ಮಾಡೋ ಹಾಗೂ ಇಲ್ಲ. ಎರಡು ಆಯಾಮದಲ್ಲಿ 80:20 ಮಿಶ್ರಣ ಸುಲಭವಾಗಿ ಸ್ಫಟಿಕವಾಗುತ್ತೆ, ಅಲ್ಲಿ 65:35 ಬಳಸುವುದು ರೂಢಿ. ಮೂರು ಆಯಾಮದಲ್ಲೂ ಸಾಕಷ್ಟು ದೊಡ್ಡ ವ್ಯವಸ್ಥೆಯನ್ನು ಬಹಳ ಹೊತ್ತು ಓಡಿಸಿದಾಗ ಈ ಮಾದರಿ ಸ್ಫಟಿಕವಾದದ್ದಿದೆ. ಇನ್ನೊಂದು ದಾರಿ, ಪ್ರತಿ ಕಣಕ್ಕೂ ಬೇರೆ ಗಾತ್ರ ಕೊಡುವುದು. 2017ರಲ್ಲಿ ನಿನಾರೆಲ್ಲೊ, ಬರ್ತಿಯೆ, ಕೊಸ್ಲೊವಿಚ್ ಗಾತ್ರಗಳಲ್ಲಿ ಸುಮಾರು ಶೇ. 23ರ ಹರವು ಇಟ್ಟು, ಕಣಗಳ ಗಾತ್ರವನ್ನು ಅದಲುಬದಲು ಮಾಡುತ್ತಾ, ಮಾಮೂಲಿ ವಿಧಾನಕ್ಕೆ ಎಟುಕದಷ್ಟು ಕಡಿಮೆ ತಾಪಮಾನದಲ್ಲೂ ದ್ರವವನ್ನು ಸಮತೋಲನಕ್ಕೆ ತಂದರು.

ಪ್ರಾಜೆಕ್ಟ್‌ನಲ್ಲಿ ನಾವೇನು ಮಾಡಬೇಕು? ಗಾತ್ರದ ಜೊತೆ ಅನುಪಾತ, ಜೋಡಿ ಅಳತೆ, ಸಾಂದ್ರತೆ ಎಲ್ಲವನ್ನೂ ವರದಿಯಲ್ಲಿ ಬರೆಯೋಣ. ಶಕ್ತಿಯ ಗ್ರಾಫ್ ಇದ್ದಕ್ಕಿದ್ದಂತೆ ಕುಸಿದಿದೆಯಾ, ದೊಡ್ಡ ಕಣಗಳು ಮಾತ್ರ ಒಂದೆಡೆ ಸಾಲುಗಟ್ಟಿವೆಯಾ ಅಂತ ನೋಡೋಣ. ಕುಸಿದಿದ್ದರೆ ಅಲ್ಲಿಂದ ಮುಂದಿನ ಡೇಟಾ ಗಾಜಿನದ್ದಲ್ಲ. ಎಷ್ಟೇ ಚೆಂದದ ಗ್ರಾಫ್ ಬಂದರೂ ಅದು ಹೇಳ್ತಿರೋದು ಸ್ಫಟಿಕದ ಕಥೆ.