ಮಳೆ ಹಿಡಿಯುವ ಮುನ್ನ ಬ್ಯಾಟರಿಯನ್ನೊಮ್ಮೆ ನೋಡಿ

ಮಲೆನಾಡಿನ ಒಂಟಿಮನೆಗಳಲ್ಲಿ ಸೋಲಾರ್ ಹಾಕಿಸಿಕೊಂಡವರು ಮಾಡಿನ ಮೇಲಿನ ಪ್ಯಾನೆಲ್ಲನ್ನು ಆಗಾಗ ಒರೆಸುತ್ತಾರೆ. ಮೂಲೆಯಲ್ಲಿ ಕೂತ ಬ್ಯಾಟರಿ ನೆನಪಾಗುವುದು ದೀಪ ಮಂಕಾದ ದಿನ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಲೆಡ್ ಆಸಿಡ್ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಇಡಬಾರದು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಚಾರ್ಜು ತುಂಬದಿದ್ದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಗಟ್ಟಿಯಾದ ಮೇಲೆ ಅದು ಸುಲಭಕ್ಕೆ ಕರಗದು. ಆ ದಿನಗಳಲ್ಲಿ ಟಿ.ವಿ., ಮಿಕ್ಸಿ ಬದಿಗಿಟ್ಟು ದೀಪಕ್ಕಷ್ಟೇ ಬಳಸಿ. ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ 12.2 ತೋರಿಸಿದರೆ ಸುಮಾರು ಅರ್ಧ ಖಾಲಿಯಾಗಿದೆ ಎಂದು ತಿಳಿಯಿರಿ. ಅದಕ್ಕಿಂತ ಕೆಳಗಿಳಿಸಬೇಡಿ. ಜನರೇಟರ್ ಇದ್ದರೆ ನಡುನಡುವೆ ಪೂರ್ತಿ ತುಂಬಿಸಿ.

ಇನ್ನು ನೀರು. ನಮ್ಮ ಬಾವಿನೀರು ಎಷ್ಟೇ ತಿಳಿಯಾಗಿರಲಿ, ಬ್ಯಾಟರಿಗೆ ಬೇಡ. ಫಿಲ್ಟರ್ ನೀರೂ ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಪೂರ್ತಿ ಚಾರ್ಜ್ ಆದ ಮೇಲೆ, ಗುರುತಿನವರೆಗೆ. ಫಲಕ ಹೊರಗೆ ಕಂಡರೆ ಮಾತ್ರ ಚಾರ್ಜಿಗೆ ಮುಂಚೆಯೇ ಅದು ಮುಳುಗುವಷ್ಟು ಹಾಕಿ. ‘ಸ್ವಲ್ಪ ಆಸಿಡ್ ಹಾಕಿದರೆ ಚುರುಕಾಗುತ್ತೆ’ ಎನ್ನುವವರ ಮಾತು ಕೇಳಬೇಡಿ. ಕಡಿಮೆಯಾಗುವುದು ನೀರು, ಆಸಿಡ್ ಅಲ್ಲ.

ಟರ್ಮಿನಲ್ಲಿನಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ, ಮೊದಲು ಪ್ಯಾನೆಲ್ ಸಂಪರ್ಕ ತಪ್ಪಿಸಿ, ಆಮೇಲೆ ಬ್ಯಾಟರಿಯ ವೈರು ಬಿಚ್ಚಿ, ಅಡುಗೆಸೋಡಾ ಕದಡಿದ ನೀರಿನ ಬಟ್ಟೆಯಿಂದ ಒರೆಸಿ. ಒಂದು ಹನಿಯೂ ಒಳಗಿಳಿಯದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ, ವೈರು ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಸಣ್ಣ ಕಿಡಿಗೂ ಅದು ಸಿಡಿಯಬಲ್ಲದು. ಹಾಗಾಗಿ ಬ್ಯಾಟರಿ ಇಟ್ಟ ಕೋಣೆಗೆ ಗಾಳಿಯಾಡುವ ಕಿಟಕಿ ಇರಲಿ, ದೇವರ ದೀಪ ಅಲ್ಲಿ ಬೇಡ. ಮುಚ್ಚಳ ತೆಗೆಯುವಾಗ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮಕ್ಕಳನ್ನು ದೂರ ಕಳಿಸಿ.